ಕಣಜಕ್ಕೆ ಬಾಯಿ

ಬೈತಖೋಲ ಬಂದರಿನಲ್ಲಿ ಸೊಸೈಟಿಯ ಆಫೀಸು ಮಾಳಿಗೆಯ ಮೇಲೆ,
ಕೆಳಗೆ ಬರ್ಫ ಒಡೆಯುವ ಯಂತ್ರ,
ಅದು ನಡೆವಾಗ ಕಪ್ಪಿನೊಳಗಿನ ಚಹವೂ ನಡುಗುತ್ತದೆ.
ಅಲ್ಲಿ ಮೂರು ದಿನದಿಂದ ಒಂದೇ ಜಗಳ.

ಮಾರುತಿ ಬಾನಾವಳಿ ಹೇಳುತ್ತಾನೆ:
ಡೇಟಾಬೇಸೇ ಬಾಗಿಲು ತೆರೆಯಲಿ.
ಯಾವ ದೋಣಿ ಎಷ್ಟು ಡೀಸೆಲ್ ಒಯ್ದಿತು, ಎಷ್ಟು ಬಂಗಡೆ ತೂಗಿತು,
ಎಲ್ಲ ಅದರ ಹೊಟ್ಟೆಯೊಳಗೇ ಇದೆ.
ಕೇಳಿದವರ ಫೋನಿಗೆ ಪುಟವನ್ನೂ ಅದೇ ಬಡಿಸಲಿ.
ನಡುವೆ ಇನ್ನೊಂದು ಸರ್ವರ್ ಯಾಕೆ?
ಅಡುಗೆ ಮಾಡಿದವಳ ಕೈಯಿಂದ ಸಟ್ಟುಗ ಕಸಿದು
ಬೀದಿಯಲ್ಲಿ ಹೋಗುವವನಿಗೆ ಕೊಟ್ಟ ಹಾಗೆ!

ಶೀತಲ ದುರ್ಗೇಕರ ಪರದೆಯಿಂದ ಕಣ್ಣೆತ್ತುವುದಿಲ್ಲ.
ಉಗ್ರಾಣಕ್ಕೂ ಪಂಕ್ತಿಗೂ ನಡುವೆ ಒಂದು ಹೊಸ್ತಿಲು ಬೇಕು, ಅಷ್ಟೇ.
ಇಲ್ಲದಿದ್ದರೆ ಉಣ್ಣಲು ಬಂದವ
ಬೆಲ್ಲದ ಡಬ್ಬಿಗೂ ಕೈ ಹಾಕುತ್ತಾನೆ.
ನಾಳೆ ಪುಟದ ಬಣ್ಣ ಬದಲಿಸಬೇಕೆಂದರೆ
ಹನ್ನೆರಡು ವರ್ಷದ ಲೆಕ್ಕ ಇರುವ ಕೋಣೆಯನ್ನೇ
ಮುಚ್ಚಿ ತೆರೆಯುತ್ತೀಯಾ?

ಹೋದ ಅಮಾಸೆಗೆ ಏನಾಯಿತು, ಅದು ಹೇಳು.
ನಡುವಿನ ನಿನ್ನ ಪೆಟ್ಟಿಗೆ ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತಿತು.
ಲೆಕ್ಕ ಒಳಗೆ ಜೀವಂತ, ಎಚ್ಚರ,
ಹೇಳಲು ಬಾಯಿಲ್ಲ.
ಇಪ್ಪತ್ತಾರು ಟ್ರಾಲರು ಡೀಸೆಲ್ ಟೋಕನ್ನಿಗೆ ಕಾದು
ಬೆಳಗಿನ ಉಬ್ಬರ ಕಳಕೊಂಡವು.

ಸರಿ, ಬಾಯಿ ಕೊಡು.
ಇಪ್ಪತ್ತಾರೂ ಒಮ್ಮೆಲೇ ಕೂಗಿದಾಗ
ಅದು ಉತ್ತರ ಹೇಳಬೇಕೋ, ಬರೆದುಕೊಳ್ಳಬೇಕೋ?

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು.
ಖೇಮು ಮಾಮಾ, ನೀವಾದರೂ ಹೇಳಿ.

ನಾನು ನಿವೃತ್ತ, ಚಹಕ್ಕೆ ಬರುವವ.
ಡೇಟಾಬೇಸು ನನಗೆ ಗೊತ್ತಿಲ್ಲ,
ಆದರೆ ಹತ್ತೊಂಬತ್ತು ವರ್ಷ ನಾನೇ ಅದಾಗಿದ್ದೆ.
ಗೋದಾಮಿನ ಕೀಲಿ ನನ್ನ ಸೊಂಟದಲ್ಲಿ,
ಕಿಟಕಿಯ ಹಿಂದಿನ ಸ್ಟೂಲೂ ನನ್ನದೇ.
ನೂಲುಂಡೆ, ಹಗ್ಗ, ಡೀಸೆಲ್ ಪೀಪಾಯಿ,
ಕೇಳುವವ ಮಾತು ಮುಗಿಸುವ ಮೊದಲೇ ಕೊಡುತ್ತಿದ್ದೆ.
ಚೀಟಿ ಇಲ್ಲ, ಜವಾನ ಇಲ್ಲ,
ಒಳಗೆ ಕೇಳಿ ಬರ್ತೇನೆ ಅನ್ನುವ ಮಾತಿಲ್ಲ.
ಸುಖವಿತ್ತು ಅದರಲ್ಲಿ. ಸುಳ್ಳು ಯಾಕೆ, ಸೊಕ್ಕೂ ಇತ್ತು.

ಒಂದು ಸಂಜೆ ಕೂರ್ಮಗಡದಾಚೆ ಆಕಾಶ
ಹೊತ್ತಿಹೋದ ಬಾಣಲೆಯ ತಳದ ಹಾಗಾಯಿತು.
ತುಫಾನು. ಮಲ್ಪೆಯವು, ಗೋವೆಯವು, ನಮ್ಮವು,
ಎಲ್ಲ ದೋಣಿ ಈ ಕೊಲ್ಲಿಗೇ ನುಗ್ಗಿದವು.
ಕಿಟಕಿಯಲ್ಲಿ ಮುಖ ಇಲ್ಲ, ಬರೀ ಕೈಗಳು.
ಕೊಂಕಣಿ, ತುಳು, ಮಲಯಾಳ, ಬೈಗುಳ.
ಕೊಟ್ಟೆ. ಕೊಟ್ಟೆ.
ಪೆನ್ನು ಕಿವಿಯ ಮೇಲೇ ಉಳಿಯಿತು.
ಬೆಳಿಗ್ಗೆ ಎಣಿಸಿದರೆ
ಹನ್ನೊಂದು ಪೀಪಾಯಿಗೆ ಹೆಸರಿಲ್ಲ.

ಎರಡಕ್ಕೆ ಮುಂದೆ ಸಿಕ್ಕಿತು. ಪುರಸು ತಾಂಡೇಲ
ಹೋಳಿಯ ಬಣ್ಣ ಮೆತ್ತಿದ ಮುಖದಲ್ಲೇ ಬಂದು
"ಅವತ್ತಿನ ಎರಡು ನನ್ನವು" ಅಂದು ದುಡ್ಡಿಟ್ಟು ಹೋದ.
ಒಂಬತ್ತು ಇನ್ನೂ ಹಾಗೇ.

ಆಮೇಲೆ ಕಮಿಟಿಯವರು ಕಿಟಕಿಗೆ ದಾಮುವನ್ನು ಕೂಡಿಸಿದರು.
ಲೆಕ್ಕ ನೆಟ್ಟಗಾಯಿತು.
ದಾಮುವಿಗೆ ಜ್ವರ ಬಂದ ದಿನ
ನಾನು ಒಳಗೆ, ಗಿರಾಕಿ ಹೊರಗೆ, ನಡುವೆ ಮುಚ್ಚಿದ ಹಲಗೆ:
ಅದನ್ನೂ ನೋಡಿದ್ದೇನೆ.

"ಹಾಗಾದರೆ ಯಾವುದು ಸರಿ?" ಮಾರುತಿ ಕೇಳಿದ.
ನಾನು ಚಹ ಕುಡಿದೆ. ತಣ್ಣಗಾಗಿತ್ತು.

ಶೀತಲ ಕೀಲಿಮಣೆ ಹತ್ತಿರ ಎಳಕೊಂಡಳು.
"ಆ ಒಂಬತ್ತು ಇದರಲ್ಲಿ ಇಲ್ಲ ಅಲ್ಲವಾ ಮಾಮಾ? ಹಾಕಿಬಿಡುವಾ."
ತಾರೀಕು ಕೇಳಿದಳು, ಹೇಳಿದೆ.
ಲೀಟರು ಕೇಳಿದಳು, ಅದೂ ನೆನಪಿತ್ತು.
ಒಯ್ದವರ ಹೆಸರು?

ಖಾಲಿ ಬಿಟ್ಟು ಒತ್ತಿದಳು. ಪರದೆಯ ಮೇಲೆ ಕೆಂಪು ಗೆರೆ.
"ಹೆಸರಿಲ್ಲದೆ ಇದು ತಗೊಳ್ಳುವುದಿಲ್ಲ."

ಕೆಳಗೆ ಯಂತ್ರ ಮತ್ತೆ ಶುರುವಾಯಿತು,
ಮೇಜು ನಡುಗಿತು, ಕಪ್ಪು ನಡುಗಿತು.
ಅದು ನಿಲ್ಲುವವರೆಗೆ ಕಾದು ಹೇಳಿದೆ:
ಖೇಮು ಅಂತ ಹಾಕು.