ಒಳಗೆ ಏನು ಹರಿಯುತ್ತದೆ

ಶುಕ್ರವಾರ. ಐದಕ್ಕೆ ಇನ್ನೂ ಐದು ನಿಮಿಷ.
ವಿಡ್ನೆಸ್ಸಿಗೆ ಆಗಲೇ ಕತ್ತಲು;
ಮರ್ಸಿ ನದಿಯ ಕಮಾನು ಸೇತುವೆ
ಮಂಜಿನಲ್ಲಿ ಅರ್ಧ ಒರೆಸಿದ ಲೆಕ್ಕದ ಹಾಗೆ.
ಟ್ಯಾಂಕರನ್ನು ಹಳದಿ ಗೆರೆಯ ಮೇಲೇ ನಿಲ್ಲಿಸಿ
ಕ್ಲೈವ್ ಓಗ್ಡನ್ ಒಳಗೆ ಬಂದ,
ಕಿವಿ ಮುರಿದ ಕಪ್ಲಿಂಗೊಂದನ್ನು ಕೌಂಟರಿನ ಮೇಲೆ ಕುಕ್ಕಿದ.
"ಇಂಥದ್ದೇ ಒಂದು. ಎರಡಿಂಚು. ಬೇಗ."

"ಇದರೊಳಗೆ ಏನು ಹರಿಯುತ್ತದೆ?"
"ನೀರು."

ಗ್ಲೌಸು ತೊಟ್ಟು ದೀಪದ ಕೆಳಗೆ ಹಿಡಿದೆ.
ಸಿಡುಬು ಬಂದು ಹೋದ ಮುಖದಂತೆ ಅಲ್ಯುಮಿನಿಯಂ,
ತಗ್ಗು ತಗ್ಗಿನಲ್ಲೂ ಬಿಳಿ ಹಿಟ್ಟು.
ನೀರು ಹೀಗೆ ಕಚ್ಚುವುದಿಲ್ಲ.

ಬೆಟಗೇರಿಯ ಓಣಿಯಲ್ಲಿ ನಮ್ಮಪ್ಪ, ಕಲಾಯಿ ದಸ್ತಗೀರ,
ತಿದಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ತಂದ ಪಾತ್ರೆಯನ್ನು ಮೊದಲು ಬಾರಿಸಿ ಕೇಳುತ್ತಿದ್ದ,
ಆಮೇಲೆ ತಂದವಳನ್ನು:
"ಅವ್ವಾರ, ಇದರಾಗ ಏನ್ ಕುದಸ್ತೀರಿ?"
ಹಾಲೋ ಹುಣಸೆಯೋ ಹೇಳದೆ
ತವರದ ಕಡ್ಡಿ ಮುಟ್ಟುತ್ತಿರಲಿಲ್ಲ.
ಬರಿ ಹಿತ್ತಾಳೆಗೆ ಹುಳಿ ಬಿದ್ದರೆ
ಸಾರು ಹಸಿರಾಗುತ್ತದೆ, ಬಾಯಿ ಒಗರಾಗುತ್ತದೆ,
ಮನೆಮಂದಿಯೆಲ್ಲ ರಾತ್ರಿ ವಾಂತಿ.
ನವಸಾಗರದ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು
ನಾನು ಕಲಿತದ್ದು ಅದೊಂದೇ ಪ್ರಶ್ನೆ.

"ಕ್ಲೈವ್, ನಿನ್ನೆ ಏನು ಹರಿಯಿತು?"
ಅವನು ಗಡಿಯಾರ ನೋಡಿದ. ಬೂಟು ನೋಡಿದ.
"ಕಾಸ್ಟಿಕ್. ಸ್ವಲ್ಪ. ಬಾಟಲಿ ತೊಳೆಯುವ ಫ್ಯಾಕ್ಟರಿಗೆ."
"ಬಿಸಿಯೋ?"
"ಬೆಚ್ಚಗೆ."
"ಒತ್ತಡ ಎಷ್ಟು?"
"ನೀನೇನು ಪೊಲೀಸೇ?"

ಒಡತಿ ನೊರೀನ್ ಹ್ಯಾಲ್ಸಲ್‌ಗೆ ಒಂದೇ ಜೋಕು ಗೊತ್ತು:
ಗಂಡು ತುದಿ, ಹೆಣ್ಣು ತುದಿ, ನಾವು ದಲ್ಲಾಳಿಗಳು.
ಹದಿನಾಲ್ಕು ವರ್ಷದಿಂದ ಹೇಳುತ್ತಾಳೆ,
ಹದಿನಾಲ್ಕು ವರ್ಷದಿಂದ ನಗುತ್ತೇನೆ.
ಆದರೆ ಕೂಡದವು ಯಾರನ್ನೂ ಕೊಲ್ಲುವುದಿಲ್ಲ, ನೊರೀನ್,
ಕೈಯಲ್ಲೇ ಹಟ ಮಾಡಿ ಬೇಡವೆನ್ನುತ್ತವೆ.
ಕೂಡಿದಂತೆ ಇರುವವೇ ಕೆಟ್ಟವು.
ಅಮೆರಿಕದ ಮರೆ, ಬ್ರಿಟನ್ನಿನ ಮರೆ, ಅರ್ಧ ಇಂಚಿನಲ್ಲಿ
ಇಂಚಿಗೆ ಹದಿನಾಲ್ಕೇ ಹಲ್ಲು ಎರಡಕ್ಕೂ;
ಎರಡು ಸುತ್ತು ಬೆಣ್ಣೆಯ ಹಾಗೆ ತಿರುಗುತ್ತದೆ,
ಮೂರನೆಯದಕ್ಕೆ ಗೊಣಗುತ್ತದೆ.
ಅವಸರದವನು ಸ್ಪ್ಯಾನರಿನಿಂದ ಬಾಯಿ ಮುಚ್ಚಿಸುತ್ತಾನೆ.
ಕೋನದಲ್ಲಿ ಐದೇ ಡಿಗ್ರಿ ವ್ಯತ್ಯಾಸ.
ಅದು ಗೊತ್ತಾಗುವುದು ಒಂದು ಮಧ್ಯರಾತ್ರಿ,
ಯಾರದೋ ಮುಖದ ಎದುರು.

ಎರಡಿಂಚಿನ ಸ್ಟೇನ್‌ಲೆಸ್ ತೆಗೆದಿಟ್ಟೆ,
ಒಳಗೆ ಇಪಿಡಿಎಂ ಉಂಗುರ, ಕಿವಿಗಳಿಗೆ ಪಿನ್ನು.
ವಿಟಾನ್ ದುಬಾರಿ, ಆದರೂ ಕಾಸ್ಟಿಕ್ಕಿಗೆ ಬೇಡ, ಎಂದೆ;
ದುಬಾರಿಯಾದದ್ದೆಲ್ಲ ಎಲ್ಲಕ್ಕೂ ಆಗಿಬರುವುದಿಲ್ಲ.
ಬೆಲೆ ಕೇಳಿದ. ಹೇಳಿದೆ.
ಹಳೆಯದರ ಐದು ಪಟ್ಟು.
ಅವನ ಅಮ್ಮನಿಗೆ ಕೇಳಿಸಬಾರದಂಥದ್ದೇನೋ ಅಂದ.
"ಅಲ್ಯುಮಿನಿಯಮ್ಮೇ ಕೊಡು. ಕಪಾಟಿನಲ್ಲಿ ಕಾಣ್ತಿದೆ."
"ಕಾಣುತ್ತದೆ. ಕೊಡುವುದಿಲ್ಲ."

ಬಾಗಿಲ ಗಂಟೆ ಬಹಳ ಹೊತ್ತು ಅಲುಗಾಡಿತು.
ಮುರಿದದ್ದು ಕೌಂಟರಿನ ಮೇಲೇ ಉಳಿಯಿತು.
ಮಾರಾಟವಿಲ್ಲ; ನೊರೀನ್ ಪುಸ್ತಕದಲ್ಲಿ ಸೊನ್ನೆ ಬರೆದು
ನನ್ನತ್ತ ನೋಡದೆ ಕೋಟು ಹಾಕಿಕೊಂಡಳು.
ಅಪ್ಪನೂ ಎಷ್ಟೋ ಪಾತ್ರೆ ವಾಪಸ್ಸು ಕಳಿಸಿದ,
ಎಷ್ಟೋ ಸಂಜೆ ನಾವು ರೊಟ್ಟಿಗೆ ಬರಿ ಖಾರ ಹಚ್ಚಿಕೊಂಡು ತಿಂದೆವು.
ಅದನ್ನು ಸತ್ಯವಂತಿಕೆ ಎಂದು ಯಾರೂ ಕರೆಯಲಿಲ್ಲ.
ಅವ್ವ ಮೊಂಡುತನ ಅಂದಳು.

ಶಟರು ಅರ್ಧ ಇಳಿದಾಗ ಫೋನು.
ಹಿಂದೆ ಟ್ಯಾಂಕರಿನ ಗುರುಗುರು,
ಯಾರೋ ಗೇಟು ತೆಗೆಯಲು ಕೂಗುತ್ತಿದ್ದಾರೆ.
"ಆ ರಬ್ಬರ್ ಉಂಗುರ... ಯಾವುದು ಅಂದೆ?"
ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.
ಬರೆದುಕೊಳ್ಳುವ ಸದ್ದು.
"ಎಷ್ಟು ಹೊತ್ತು ಇರ್ತೀಯ?"
"ನೀನು ಬರುವವರೆಗೆ."

ಶಟರನ್ನು ಹಾಗೇ ಬಿಟ್ಟು, ಕಾಯುತ್ತ,
ಮುರಿದ ಕಿವಿಯನ್ನು ಬೆರಳ ಗೆಣ್ಣಿನಿಂದ ಬಾರಿಸಿದೆ,
ಅಪ್ಪನ ಹಾಗೆ, ತಲೆ ಒಂದು ಕಡೆ ವಾಲಿಸಿ.
ಮಂದ ಸದ್ದು.
ಮುರಿಯುವ ಮುಂಚೆಯೇ ಹೇಳಿರಬೇಕು ಅದು,
ಎಷ್ಟೋ ದಿನ, ಯಾರೂ ಬಾರಿಸದೆ.