ಮೂರು ಕಾಲಿನ ಚಿತ್ರ

ಸಾಕ್ ಎಂದು ಹೆಸರು ಈ ಹೊಳೆಗೆ,
ನೀರು ಮಾತ್ರ ಯಾವತ್ತೂ ಸಾಕಾಗಿಲ್ಲ.
ಕರೂ ಬಯಲಿನ ನಡುವೆ ಒಣಗಿದ ಮರಳುಗೆರೆ,
ಅಂಚಿಗೆ ಮೊಣಕಾಲೆತ್ತರದ ಬೂದು ಪೊದೆ.
ಡೀನಾ ಸ್ವಾರ್ಟ್‌ಬೂಯಿ ಗೂಟದಿಂದ ಕ್ಯಾಮೆರಾ ಬಿಚ್ಚುತ್ತಾಳೆ,
ಗಾಜಿನ ಮೇಲಿನ ಇಬ್ಬನಿಯನ್ನು
ಕೋಟಿನ ತೋಳಿನಿಂದ ಒರೆಸುತ್ತಾಳೆ.

ಅವಳ ವಹಿಯಲ್ಲಿ ಎರಡು ಕಾಲಂ.
ಎಡಕ್ಕೆ ಗುಡ್ಡದ ಮೊಲ: ಗೀಟು, ಗೀಟು, ಗೀಟು,
ಐದಕ್ಕೊಂದು ಅಡ್ಡಗೀಟು, ಪುಟ ತುಂಬಿ ಮುಂದಿನ ಪುಟ.
ಹುಟ್ಟುವಾಗಲೇ ಕಣ್ಣು ಬಿಟ್ಟು, ತುಪ್ಪಳ ತೊಟ್ಟು ಬರುವ ಜಾತಿ.
ಹೆತ್ತವಳು ಹುಲ್ಲಲ್ಲಿ ಬಿಟ್ಟು ಮೇಯಲು ಹೋದರೂ
ಬದುಕುವುದು ಗೊತ್ತು ಅದಕ್ಕೆ.
ದೊಡ್ಡ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ:
ಚಿಂತೆಯಿಲ್ಲ.

ಬಲಕ್ಕೆ ಹೊಳೆಯ ಮೊಲ.
ದವಡೆಯುದ್ದಕ್ಕೂ ಕಾಡಿಗೆ ತೀಡಿದ ಗೆರೆ,
ಕಣ್ಣ ಸುತ್ತ ಬೆಳ್ಳಿ ಬಳೆ,
ಅಂಗಾಲಿಗೂ ಕೂದಲು. ಬಟ್ಟೆಗಾಲು ಎನ್ನುತ್ತಿದ್ದಳಂತೆ ಡೀನಾಳ ಅಜ್ಜಿ,
ನಡೆದರೆ ನೆಲಕ್ಕೂ ಗೊತ್ತಾಗದು.
ವರ್ಷಕ್ಕೆ ಮರಿ ಒಂದು, ಹೆಚ್ಚೆಂದರೆ ಎರಡು.
ಕಣ್ಣು ತೆರೆದಿಲ್ಲ, ಮೈಮೇಲೆ ಎಳೆ ಕೂದಲಿಲ್ಲ;
ಹೊಳೆ ತಂದು ಹಾಕಿದ ಮೆತ್ತನೆ ಮಣ್ಣಲ್ಲೇ ಬಿಲ,
ಬಿಲದ ಬಾಯಿಗೆ ಕಡ್ಡಿ ಮಣ್ಣಿನ ಬಿರಡೆ.
ಅದೇ ಮಣ್ಣು ಗೋಧಿಗೂ ಬೇಕಾಯಿತು.
ಪಟ್ಟಿಯಲ್ಲಿ ಅದಕ್ಕಿರುವ ಮಾತನ್ನು
ಡೀನಾ ಬಾಯಿಬಿಟ್ಟು ಓದುವುದಿಲ್ಲ.
ಕಾಲಂ ಆಗಸ್ಟಿನಿಂದ ಖಾಲಿ.

ಉಣ್ಣೆಯ ಮೂಟೆ ಹೊತ್ತ ಪಿಕಪ್ ನಿಲ್ಲಿಸಿ
ಜಮೀನಿನ ಯಜಮಾನ ಸಾರಲ್ ಕೇಳುತ್ತಾನೆ:
"ಹೊಳೆಯದ್ದೋ ಗುಡ್ಡದ್ದೋ, ಬಾಣಲೆಗೆ ಬಿದ್ದಮೇಲೆ
ಮೊಲ ಮೊಲವೇ ತಾನೆ? ನಿನ್ನೆ ನಾನೇ ಕಂಡೆ,
ಗಾಡಿಯ ದೀಪಕ್ಕೆ. ನಾಲ್ಕಿದ್ದವು."
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ
ಡೀನಾ ವಾದಕ್ಕಿಳಿಯುವುದಿಲ್ಲ.
ಎಷ್ಟು ಹೊತ್ತಿಗೆ? ಬಾಲ ಬಿಳಿಯೋ ಕಂದೋ?
ಕೇಳಿ, ಬರೆದುಕೊಂಡು,
ನಾಲ್ಕೂ ಗೀಟು ಎಡಕ್ಕೇ ಹಾಕುತ್ತಾಳೆ.

ಹದಿನೇಳನೆಯ ಕ್ಯಾಮೆರಾ. ರಾತ್ರಿ ಮೂರು ಹನ್ನೆರಡು.
ಬೂದು ಪೊದೆ, ಬೂದು ಕತ್ತಲೆ, ಅಂಚಿನಲ್ಲಿ
ಒಂದು ಕಣ್ಣು, ಬೆಳ್ಳಿ ಬಳೆ ಇದ್ದರೂ ಇರಬಹುದು;
ಒಂದು ದವಡೆ, ಅದರ ಮೇಲೆ ಗೆರೆಯೋ ಕಡ್ಡಿಯ ನೆರಳೋ.
ಕಾಲು ಎಣಿಸಿದೆ. ಮೂರು.
ನಾಲ್ಕನೆಯದು ಚೌಕಟ್ಟಿನ ಹೊರಗೋ,
ನರಿಗೆಂದು ಒಡ್ಡಿದ ಕಬ್ಬಿಣದ ಹಲ್ಲಲ್ಲೋ.

ಬಲಗಡೆಯ ಖಾಲಿಯ ಮೇಲೆ ಬೆರಳಿಟ್ಟು
"ಅದೇ" ಎಂದೆ, "ಇದು ಅದೇ."
ಸಾರಲ್‌ನನ್ನು ನೋಡಿದ ಕಣ್ಣಲ್ಲೇ
ಡೀನಾ ನನ್ನನ್ನೂ ನೋಡಿದಳು.
ಪೆನ್ಸಿಲು ಎರಡು ಕಾಲಂ ನಡುವಿನ ಗೆರೆಯ ಮೇಲೆ
ಸ್ವಲ್ಪ ಹೊತ್ತು ನಿಂತಿತ್ತು.
ಆಮೇಲೆ ಬ್ಯಾಟರಿ ಬದಲಿಸಿ, ಗೂಟ ಕಿತ್ತು,
ಒಂದು ಗೇಣು ಬಲಕ್ಕೆ ಸರಿಸಿ ನೆಟ್ಟಳು.