ಹದಿಮೂರನೆಯ ತಿಂಗಳು

ಇಲ್ಲಿ 'ನಾನು' ಅಂದರೆ ನಾನಲ್ಲ.
ಅವನು 'ನಾನು ಓಡಿದೆ' ಅಂದರೆ
ನಾನೂ 'ನಾನು ಓಡಿದೆ' ಅನ್ನಬೇಕು, ಇಂಗ್ಲಿಷಿನಲ್ಲಿ,
ಏದುಸಿರಿಲ್ಲದೆ.
ಗಂಟೆಗಿಷ್ಟು ಅಂತ ಕೂಲಿ. ನೀರು ಪುಕ್ಕಟೆ.

ಗ್ಲಾಸ್ಗೋ. ಫೆಬ್ರವರಿ. ಕ್ಲೈಡ್ ಹೊಳೆಯತ್ತ ಮುಖ ಮಾಡಿದ
ಮೂರನೆಯ ಮಹಡಿಯ ಕೋಣೆ.
ಮೆಬ್ರಹ್ತುವಿನ ಮೈಮೇಲೆ ಯಾರದೋ ಕೋಟು, ತೋಳು ಉದ್ದ,
ಬೆರಳ ತುದಿಗಳಷ್ಟೇ ಮೇಜಿನ ಮೇಲೆ.
ಎದುರಿಗೆ ಗೃಹ ಇಲಾಖೆಯ ಪರವಾಗಿ ಬಂದ ಹುಡುಗ.
ನೆಗಡಿ. ಗಾಲಿಯ ಪೆಟ್ಟಿಗೆಯಲ್ಲಿ ಇವತ್ತಿನ ಆರು ಜನ,
ಬಾಕಿಯೆಲ್ಲ ವರುಷದೊಳಗೆ ಮುಗಿಯಬೇಕೆಂದು ಮೇಲಿನವರ ಆಜ್ಞೆ.
ಕೆಟ್ಟವನಲ್ಲ. ಮೂಗು ಒರೆಸಿಕೊಂಡು ಕ್ಷಮೆ ಕೇಳುತ್ತಾನೆ
ಪ್ರತಿ ಸಲವೂ.

'ಮೊದಲ ಸಂದರ್ಶನ, ಪ್ರಶ್ನೆ ಎಂಬತ್ತೊಂದು.
ಗಡಿ ದಾಟಿದ್ದು ಸೆಪ್ಟೆಂಬರ್ ಮೂರು ಎಂದಿರಿ.
ಸೆರೆ ಹಿಡಿದದ್ದು ನಾಲ್ಕರಂದು ಎಂದಿರಿ.
ಹಿಡಿಯುವ ಮೊದಲೇ ತಪ್ಪಿಸಿಕೊಂಡಿರಾ?'

ದಾಟಿಸಿದೆ. ಕೊಂಕನ್ನೂ ದಾಟಿಸಬೇಕು, ನಿಯಮ.

'ನಾನು ಸೆಪ್ಟೆಂಬರ್ ಅನ್ನಲಿಲ್ಲ,
ಪಾಗುಮೆನ್ ಮೂರು ಅಂದೆ.'

ಪಾಗುಮೆನ್.
ನಮ್ಮ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ, ತಕರಾರಿಲ್ಲ.
ಉಳಿದ ಐದು ದಿನ ಎಲ್ಲಿ ಹೋಗಬೇಕು?
ಹೊಸ ವರುಷದ ಹೊಸ್ತಿಲಲ್ಲಿ ಕೂತು ಅವೇ ಒಂದು ತಿಂಗಳು.
ಅದರ ಮೂರನೆಯ ದಿನ ರುಫಾಯೆಲ್ ದೇವದೂತನದು,
ಅವತ್ತು ಬಿದ್ದ ಮಳೆಯೆಲ್ಲ ತೀರ್ಥ.
ಸೆನಾಫೆಯಲ್ಲಿ ನಮ್ಮವ್ವ ನಮ್ಮನ್ನೆಲ್ಲ ಬರಿಮೈಯಲ್ಲಿ
ಅಂಗಳಕ್ಕೆ ದಬ್ಬಿ ಬಾಗಿಲು ಹಾಕಿಕೊಳ್ಳುತ್ತಿದ್ದಳು,
ತೊಳೆದು ಹೋಗಲಿ ವರುಷದ ಕೊಳೆ ಎಂದು.
ಹಲ್ಲು ಕಟಕಟ. ನಗು.

ಇದ್ಯಾವುದನ್ನೂ ನಾನು ಹೇಳುವಂತಿಲ್ಲ.
'ಪಾಗುಮೆನ್ ಮೂರು ಅಂದೆ' ಎಂದೆ. ಅಷ್ಟೆ.

ಹುಡುಗ ಲ್ಯಾಪ್‌ಟಾಪಿನಲ್ಲಿ ತಿಂಗಳ ಪಟ್ಟಿ ಇಳಿಸಿ ನೋಡಿದ.
ಡಿಸೆಂಬರಿನ ಕೆಳಗೆ ಏನೂ ಇಲ್ಲ.

ಅಂದು ಯಾರೋ, ನನ್ನಂಥವರೇ, ಫೋನಿನ ಆ ತುದಿಯಲ್ಲಿ ಕೂತು
ಅವಸರಕ್ಕೆ ಅದನ್ನು ಸೆಪ್ಟೆಂಬರಿಗೆ ತುರುಕಿದ್ದಾರೆ.
ಮೂರು ಮೂರಾಗಿಯೇ ಉಳಿದಿದೆ. ಎಂಟಾಗಬೇಕಿತ್ತು.
ನಡುವೆ ಐದು ದಿನ. ಒಂದಿಡೀ ತಿಂಗಳು.
ತಿರಸ್ಕಾರದ ಪತ್ರದಲ್ಲಿ, ಮೂವತ್ನಾಲ್ಕನೆಯ ಪ್ಯಾರಾದಲ್ಲಿ
ಅದಕ್ಕೆ ಬೇರೆ ಹೆಸರು: ವಿಶ್ವಾಸಾರ್ಹತೆಗೆ ಧಕ್ಕೆ.

ಹದಿನೇಳು ವರುಷ ಎತ್ತದ ಕೈ ಎತ್ತಿದೆ.
'ದುಭಾಷಿ ಒಂದು ಮಾತು ಹೇಳಬಹುದೇ?'
ಅದಕ್ಕೂ ನನ್ನನ್ನು ನಾನೇ
ಮೂರನೆಯವಳ ಹಾಗೆ ಕರೆದುಕೊಳ್ಳಬೇಕು.

ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ನೋಡಿದರು.
'ಇದು ಭಾಷೆಯ ವಿಷಯವೋ, ಸಾಕ್ಷ್ಯದ ವಿಷಯವೋ?'

ಏನೆನ್ನಲಿ.
ಸಾಕ್ಷ್ಯವೆಂದರೆ ಎದ್ದು ಹೋಗಬೇಕು, ನಾಳೆಯಿಂದ ಕರೆಯಿಲ್ಲ.
ಭಾಷೆಯೆಂದರೆ ಬರೀ ಭಾಷೆ.
ಬೆನ್ನ ಮೇಲೆ ಬಿದ್ದ ಆ ಮಳೆ ಯಾವುದು?
'ಭಾಷೆ, ಮೇಡಂ' ಎಂದೆ.
'ಐದು ದಿನದ ತಿಂಗಳೊಂದಿದೆ. ಹದಿಮೂರನೆಯದು.'
ಹುಡುಗ ಸೀನಿದ. ಕ್ಷಮೆ ಕೇಳಿದ.
ಅವರು ಏನೋ ಗೀಚಿಕೊಂಡರು. 'ಮುಂದುವರಿಸಿ.'

ಮುಂದುವರಿಸಿದೆವು. ಸೆರೆಕೋಣೆಯ ಉದ್ದಗಲ, ಕಾವಲಿನವನ ಬೂಟು,
ಸೋದರಮಾವ ಮಾಡಿದ ಸಾಲ. ಹನ್ನೆರಡು ನಲವತ್ತಕ್ಕೆ ಮುಗಿಯಿತು.
ತೀರ್ಪು ಅಂಚೆಯಲ್ಲಿ ಬರುತ್ತದೆ, ಅವನಿಗೆ.
ನನಗೆ ಯಾವತ್ತೂ ಯಾರದೂ ಬಂದಿಲ್ಲ.

ಹೊರಗೆ ಅವನೊಡನೆ ಮಾತಾಡಕೂಡದು, ಅದೂ ನಿಯಮ.
ಲಿಫ್ಟು ಕೆಟ್ಟಿತ್ತು. ಮೆಟ್ಟಿಲಿಳಿಯುವಾಗ ಅವನು
ನನಗಿಂತ ಎರಡು ಮೆಟ್ಟಿಲು ಕೆಳಗೆ,
ತಿರುಗಿ ನೋಡದೆ, ನಮ್ಮ ಮಾತಿನಲ್ಲಿ, ಗೋಡೆಗೆ ಕೇಳಿದ:
'ಅಕ್ಕಾ, ಆಯಮ್ಮ ಬರಕೊಂಡದ್ದು
ಪೆನ್ನಿನಲ್ಲೋ, ಪೆನ್ಸಿಲಿನಲ್ಲೋ?'

ನಾನು ನೋಡಿದ್ದೆ.
ಕೊಡೆಯ ಗುಂಡಿ ಹುಡುಕುತ್ತ ನಿಂತೆ
ಅವನ ಹೆಜ್ಜೆ ಕೆಳಗಿನ ಬಾಗಿಲು ದಾಟುವವರೆಗೆ.